ಹದಿನಾಲ್ಕು ಇಂಚು

ಮೇ ತಿಂಗಳ ಕೊನೆಯ ದಿನ ಪ್ರತಾಪ ಹೊಸಮನಿ ಸರ್ವೇ ಇಲಾಖೆಯಿಂದ ನಿವೃತ್ತನಾದ. ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ ಮುಗಿಸಿ, ಬೂಟು ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಗೇಟಿನವರೆಗೂ ಹೋದ. ಹೋಗಬೇಕಾದ ಊರು ಯಾವುದೂ ಇಲ್ಲವೆಂಬುದು ಅಲ್ಲಿ ನೆನಪಾಯಿತು. ತಿರುಗಿ ಬಂದು ಬೂಟು ಬಿಚ್ಚಿದ. ಅವನ ತಾಯಿ ಶೇವಂತೆವ್ವ ಅಡುಗೆಮನೆಯ ಪಕ್ಕಬಾಗಿಲಿಗಿದ್ದ ಪಾವಟಿಗೆ ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿದಳು.

ಮೂವತ್ತೆರಡು ವರ್ಷ ಅವನು ಕೂತು ಕೆಲಸ ಮಾಡಿದವನಲ್ಲ. ನವಲಗುಂದದ ಕಪ್ಪು ಎರಿ ಹೊಲಗಳಲ್ಲಿ, ಕಲಘಟಗಿಯ ಕಡೆಯ ಗುಡ್ಡಗಳಲ್ಲಿ ಅಳತೆಯ ಸರಪಳಿ ಎಳೆಯುತ್ತ ತಿರುಗಿದವನು. ಅಣ್ಣತಮ್ಮಂದಿರ ಪಾಲು, ಬದುವಿನ ಜಗಳ, ದಾರಿಯ ತಕರಾರು ಅಂತ ಅವನು ಅಳೆಯದ ಹೊಲ ಆ ಕಡೆ ಕಡಿಮೆ. ಅಳತೆಗೆ ಹೋದ ಊರಲ್ಲಿ ಎರಡೂ ಕಡೆಯವರ ಮನೆಯ ಚಹಾ ಕುಡಿಯುತ್ತಿರಲಿಲ್ಲ. ಅವನ ಹಿಂದಿನ ನಾಲ್ಕು ತಲೆಮಾರಿನಲ್ಲಿ ಯಾರ ಹೆಸರಿಗೂ ಒಂದು ಗುಂಟೆ ಜಮೀನಿರಲಿಲ್ಲ. ಮೊದಲು ಮಣ್ಣಿಗೆ ಹೆಸರು ಹಚ್ಚಿದವನು ಅವನ ಅಪ್ಪ ಮಹಾದೇವಪ್ಪ. ಧಾರವಾಡದ ಕಾಲೇಜೊಂದರಲ್ಲಿ ಜವಾನನಾಗಿದ್ದ ಮಹಾದೇವಪ್ಪ ಲಕಮನಹಳ್ಳಿಯ ಹೊಸ ಬಡಾವಣೆಯಲ್ಲಿ ಇಪ್ಪತ್ತೈದು ಅಡಿ ಅಗಲ, ಎಪ್ಪತ್ತು ಅಡಿ ಉದ್ದದ ಪ್ಲಾಟು ತೆಗೆದುಕೊಂಡು, ಮೊದಲು ಕಂಪೌಂಡು ಕಟ್ಟಿಸಿ, ಆಮೇಲೆ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ಬುದ್ಧ ವಂದನೆ ಮುಗಿದ ಮೇಲೆ ಆತ ಗೋಡೆಯ ಉದ್ದಕ್ಕೂ ಕೈ ಸವರುತ್ತ ನಡೆದದ್ದು ಪ್ರತಾಪನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

ನಿವೃತ್ತಿಯಾದ ಮೊದಲ ವಾರದಲ್ಲೇ ಮನೆಯ ನಳಗಳೆಲ್ಲ ರಿಪೇರಿಯಾದವು. ಎರಡನೆಯ ವಾರ ಅಟ್ಟದ ಸಾಮಾನು ಕೆಳಗೆ ಬಂದು ಮತ್ತೆ ಮೇಲೆ ಹೋಯಿತು. ಆಮೇಲೆ ಅವನ ಕಣ್ಣು ಕಾರಿನ ಮೇಲೆ ಬಿತ್ತು.

ಕಾರು ಅವನ ಹೆಂಡತಿ ಮಾಯಾಳದು. ಆಕೆ ಕಲಘಟಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿ. ಐವತ್ತೈದರಲ್ಲಿ ಡ್ರೈವಿಂಗ್ ಕಲಿತು, ಸಣ್ಣ ಕಾರು ತೆಗೆದುಕೊಂಡು, ದಿನಾ ತಾನೇ ನಡೆಸಿಕೊಂಡು ಹೋಗುತ್ತಿದ್ದಳು. ಪ್ರತಾಪನಿಗೆ ನಡೆಸಲು ಬರುತ್ತಿರಲಿಲ್ಲ. ಕಾರು ಮನೆ ಮುಂದಿನ ರಸ್ತೆಯಲ್ಲೇ ನಿಲ್ಲುತ್ತಿತ್ತು. ಕೈಗಾರಿಕಾ ಪ್ರದೇಶದ ಲಾರಿಗಳು ಅಡ್ಡದಾರಿ ಅಂತ ಅದೇ ರಸ್ತೆ ಹಿಡಿಯುತ್ತಿದ್ದವು. ಹಾರ್ನು ಕೇಳಿದರೆ ಪ್ರತಾಪ ಪೇಪರು ಕೆಳಗಿಟ್ಟು ಗೇಟಿಗೆ ಓಡುತ್ತಿದ್ದ. ರವಿವಾರದ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಐದು ಸಲ ಎದ್ದ.

"ಕೂತಲ್ಲೆ ಒಂದೀಟು ಕೂಡ್ರಿ," ಎಂದಳು ಮಾಯಾ. "ನಾ ಸಾಲಿಗೆ ಹೋದಾಗ ಕಾರು ಇರೂದಿಲ್ಲ. ಆವಾಗರೆ ಸುಮ್ಮನ ಇರ್ತೀರೇನು?"

"ಆವಾಗ ನೀ ಎಲ್ಲಿ ಹೊಂಟಿದ್ದಿ ಅನ್ನೂದ ತಲಿಯಾಗ," ಎಂದ ಪ್ರತಾಪ. ಆ ವಾರವೇ ಯಾವುದೋ ಟೆಂಪೋ ಕಾರಿನ ಎಡಗಡೆಯ ಕನ್ನಡಿ ಕಿತ್ತುಕೊಂಡು ಹೋಯಿತು. ಅವನಿಗೆ ನೆವ ಸಿಕ್ಕಂತಾಯಿತು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ಕಾರಿಗೆ ಒಂದು ಶೆಡ್ಡು ಕಟ್ಟಿಸುವುದೆಂದು ನಿಶ್ಚಯಿಸಿದ.

ಹಿಂದಿನ ಜಾಗಕ್ಕೆ ಹೋಗಲು ಮನೆಯ ಬಲಕ್ಕೆ ಒಂದು ಸಂದಿ ಇತ್ತು. ಟೇಪು ಹಿಡಿದು ನೋಡಿದ, ಸರಿಯಾಗಿ ಎಂಟು ಅಡಿ. ಅಡುಗೆಮನೆ ಬಾಗಿಲ ಪಾವಟಿಗೆ ಅದರೊಳಗೆ ಒಂದು ಅಡಿ ಚಾಚಿದ್ದರೂ ಏಳು ಉಳಿಯುತ್ತಿತ್ತು. ಕಾರು ಕನ್ನಡಿ ಸೇರಿ ಆರು ಅಡಿ. ಸಾಕು. ಮನೆಯ ಅಗಲ ಹದಿನಾರೂವರೆ ಅಡಿ, ಎಡಗಡೆಯ ಸಂದಿ ಒಂದು ಅಡಿ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಈ ಮೂರನ್ನೂ ಕೂಡಿಸಿದ್ದರೆ, ಕಂಪೌಂಡಿನ ದಪ್ಪ ಬಿಟ್ಟೇ ಇಪ್ಪತ್ತೈದು ಅಡಿ ದಾಟುತ್ತಿತ್ತು. ಕೂಡಿಸಲಿಲ್ಲ. ಊರವರ ಜಮೀನಿಗೆ ಮೂರು ಮೂರು ಸಲ ಟೇಪು ಹಿಡಿದವನು ತನ್ನ ಪ್ಲಾಟಿಗೆ ಕಾಗದದಲ್ಲಿದ್ದ ಅಳತೆಯನ್ನೇ ಬರೆದು ನಕಾಶೆ ಮಾಡಿ ಪರವಾನಗಿಗೆ ಕೊಟ್ಟ.

ಜೂನ್ ಕೊನೆಯ ವಾರ ಗೌಂಡಿ ಚನ್ನಯ್ಯ ಬಂದ. ಪಾಯ ಅಗೆಯಲು ಸುರುವಾಯಿತು. ಮೂರನೆಯ ದಿನ ಹಿಂದಿನ ಬಲಮೂಲೆಯಲ್ಲಿ ಹಾರೆ ಕಲ್ಲಿಗೆ ತಾಗಿತು. ಚನ್ನಯ್ಯ ಮಣ್ಣು ಕೆರೆದು ನೋಡಿದ. ಮೊಳಕಾಲೆತ್ತರದ ಕಲ್ಲು, ನೆತ್ತಿಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಕೊರೆದಿತ್ತು.

"ಸಾಹೇಬ್ರ, ಇದು ಹದ್ದಿನ ಕಲ್ಲೇನ್ರಿ?"

ಪ್ರತಾಪ ಪಾಯದೊಳಗೆ ಇಳಿದ. ಅಂಥ ಕಲ್ಲನ್ನು ಅವನು ಬದುಕಿನಲ್ಲಿ ಎಷ್ಟು ನೋಡಿದ್ದನೋ. ಬಡಾವಣೆ ಮಾಡಿದವರು ಪ್ಲಾಟಿನ ಗಡಿ ತೋರಿಸಲು ಮೂಲೆಗೆ ಹುಗಿದ ಕಲ್ಲು. ಅದು ಕಂಪೌಂಡಿನ ಕೆಳಗಿರಬೇಕಿತ್ತು, ಗೋಡೆಯ ಹೊರಮೈ ಆ ಗೆರೆಗೆ ಹೊಂದಿಕೊಂಡಿರಬೇಕಿತ್ತು. ಕಲ್ಲು ಇತ್ತು ಇಲ್ಲಿ, ಗೋಡೆ ಇತ್ತು ಅಲ್ಲಿ. ಟೇಪು ಹಿಡಿದ. ಕಲ್ಲಿನ ಗೆರೆಯಿಂದ ಗೋಡೆಯ ಹೊರಮೈಗೆ ಹದಿನಾಲ್ಕು ಇಂಚು. ಅಷ್ಟು ಜಾಗ ಪಕ್ಕದ ಮನೆಯದು.

ಚನ್ನಯ್ಯನಿಗೂ ತಿಳಿಯಿತು. ಸುತ್ತ ನೋಡಿ ದನಿ ಇಳಿಸಿ, "ಕಿತ್ತು ಒಗೀಲೇನ್ರಿ? ಯಾರಿಗೂ ಗೊತ್ತಾಗೂದಿಲ್ಲ," ಎಂದ.

"ಮುಟ್ಟಬ್ಯಾಡ," ಎಂದ ಪ್ರತಾಪ. "ಮ್ಯಾಲೆ ಒಂದು ಹಾಸಗಲ್ಲು ಮುಚ್ಚು. ಇವತ್ತಿಗೆ ಕೆಲಸ ಸಾಕು."

ಮರುದಿನವೂ ಕೆಲಸ ಬೇಡವೆಂದ. ಅದರ ಮರುದಿನ ಮಳೆ ಹಿಡಿಯಿತು. ಎರಿ ಮಣ್ಣಿನ ಪಾಯದಲ್ಲಿ ನೀರು ನಿಂತು, ಅಂಚು ಕುಸಿದು, ಕಪ್ಪು ರಾಡಿಯಾಯಿತು. ಚನ್ನಯ್ಯ ಫೋನು ಮಾಡಿದಾಗಲೆಲ್ಲ ಪ್ರತಾಪ ಉಸುಕು ಬಂದಿಲ್ಲ ಅಂದ, ಬಿಸಿಲು ಬೀಳಲಿ ಅಂದ.

ಅವನಿಗೆ ಮನೆಯಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಛತ್ರಿ ಹಿಡಿದು ಗೋಡೆಯ ಒಳಗಿನಿಂದ ಅಳೆದ. ಮಧ್ಯಾಹ್ನ ರಸ್ತೆಯ ಮೂಲೆಯ ಪ್ಲಾಟಿನಿಂದ ಹಿಡಿದು ತನ್ನ ಮನೆಯವರೆಗೆ ಅಳೆಯುತ್ತ ಬಂದ. ನೋಡಿದವರಿಗೆ ಗಟಾರದ ಸಲುವಾಗಿ ಎಂದ. ಅಳತೆ ಆ ಕಲ್ಲಿಗೇ ಬಂದು ನಿಂತು, ಕಲ್ಲು ಸರಿದಿರಬಹುದೆಂಬ ಆಸೆಯೂ ಮುರಿಯಿತು. ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಕೇಶ್ವಾಪುರದಲ್ಲಿದ್ದ ಹಳೆಯ ಸಹೋದ್ಯೋಗಿಯ ಮನೆಯ ಬಾಗಿಲವರೆಗೂ ನಡೆದು, ಗಂಟೆ ಒತ್ತದೆ ಹಿಂದಿರುಗಿದ. ಕೇಳುವುದಾದರೂ ಏನು? ಕಾಯಿದೆ ಅವನಿಗೇ ಗೊತ್ತಿತ್ತು. ಗೋಡೆ ಕಟ್ಟಿ ಮೂವತ್ತೈದು ವರ್ಷ. ಇಷ್ಟು ದಿನ ಯಾರೂ ತಕರಾರು ಮಾಡಿಲ್ಲ. ಇನ್ನು ಕೋರ್ಟಿಗೆ ಹೋದರೂ ಅವರಿಗೆ ಸಿಗುವುದು ಕಷ್ಟ.

ಆ ಸಮಾಧಾನ ಹತ್ತು ನಿಮಿಷ ಬಾಳುತ್ತಿತ್ತು. ಆಮೇಲೆ ನವಲಗುಂದದ ಕಡೆಯ ಒಬ್ಬ ಮುದುಕ ನೆನಪಾಗುತ್ತಿದ್ದ. ಅವನ ಬದು ಪಕ್ಕದವರ ಹೊಲಕ್ಕೆ ಎರಡು ಮೊಳ ಸರಿದಿತ್ತು. "ಇದು ನಮ್ಮಪ್ಪನ ಕಾಲದ ಬದು ರೀ ಸಾಹೇಬ್ರ," ಎಂದು ಆ ಮುದುಕ ಕೈಮುಗಿದಾಗ, ಪ್ರತಾಪ ಪುಸ್ತಕದಿಂದ ಕಣ್ಣೆತ್ತದೆ, "ಸರಪಳಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿಲ್ಲಜ್ಜಾ," ಎಂದಿದ್ದ. ಸುತ್ತ ನಿಂತವರು ನಕ್ಕಿದ್ದರು. ಅವನಿಗೂ ಅದು ಒಳ್ಳೆಯ ಮಾತೆನಿಸಿತ್ತು.

ಪಕ್ಕದ ಮನೆ ತಾಜಬಿಯದು. ಎಪ್ಪತ್ತು ದಾಟಿದ ಹೆಂಗಸು. ಗಂಡ ಅಮೀನಸಾಬ ಹುಬ್ಬಳ್ಳಿಯ ದುರ್ಗದಬೈಲಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡಿ, ಮೂವತ್ತು ವರ್ಷದ ಹಿಂದೆ ಈ ಮನೆ ಕಟ್ಟಿಸಿದ್ದ. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಮಗ ಅಯಾಜ ಅಲ್ಲೇ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಳೆ ಒಂದು ವಾರ ಹೊಡೆದ ಮೇಲೆ ತಾಜಬಿ ಗೋಡೆಯಾಚೆಯಿಂದ ಕರೆದಳು.

"ಪ್ರತಾಪಾ, ಆ ನೀರು ಖಾಲಿ ಮಾಡಸಪಾ. ಸೊಳ್ಳಿ ಆಗ್ಯಾವು. ಗ್ವಾಡಿನೂ ಹಸಿ ಆಗಾಕತ್ತೈತಿ."

"ಹೂಂ ಚಾಚಿ, ಇವತ್ತ ಮಾಡಸ್ತೇನಿ."

"ಶೆಡ್ಡು ಯಾವಾಗ ಮುಗೀತೈತಿ?"

ಅವನು ಒಳಗೆ ಹೋದ. ಬಕೆಟ್ಟು ತಂದು ತಾನೇ ನೀರು ತೋಡಲು ನಿಂತ. ಸಾಲೆಯಿಂದ ಬಂದ ಮಾಯಾ, ಮೊಳಕಾಲವರೆಗೆ ರಾಡಿಯಾಗಿ ನಿಂತ ಗಂಡನನ್ನು ನೋಡಿ ಚೀಲ ಕೆಳಗಿಟ್ಟಳು.

"ಉಸುಕು ಬಂದಿಲ್ಲ ಅನ್ನೂದು ಸುಳ್ಳು," ಎಂದಳು. "ಏನಾಗೇತಿ ಹೇಳ್ರಿ."

ಅವನು ಹಾಸಗಲ್ಲು ಸರಿಸಿ ತೋರಿಸಿದ. ಆಕೆ ಬಗ್ಗಿ ನೋಡಿದಳು. ಗೋಡೆ ನೋಡಿದಳು. ಮೊದಲಿನಿಂದಲೂ ಲೆಕ್ಕದ ಟೀಚರು, ಬಿಡಿಸಿ ಹೇಳಬೇಕಾಗಲಿಲ್ಲ.

"ಗ್ವಾಡಿ ಹಿಂದ ತಂದ್ರ ಸಂದಿ ಎಷ್ಟು ಉಳೀತೈತಿ?"

"ಆರು ಅಡಿ ಹತ್ತು ಇಂಚು. ಪಾವಟಿಗಿ ಇದ್ದಲ್ಲಿ ಐದು ಅಡಿ ಹತ್ತು. ಕಾರು ಹಾಯೂದಿಲ್ಲ."

"ಅಂದ್ರ ಶೆಡ್ಡ ಬ್ಯಾಡಾತು."

"ಶೆಡ್ಡಿಂದಲ್ಲ ಮಾಯಾ," ಎಂದ ಅವನು. ಹಾಸಗಲ್ಲನ್ನು ಮತ್ತೆ ಕಲ್ಲಿನ ಮೇಲೆ ಎಳೆದ.

ಆಕೆ ಕೆಳಗಿಟ್ಟ ಚೀಲ ಎತ್ತಿಕೊಂಡು, "ಅವ್ವನ್ನ ಕೇಳ್ರಿ ಮೊದಲ," ಎಂದಳು. "ಗ್ವಾಡಿ ಕಟ್ಟಿದಾಗ ಅವರ ಇದ್ರು."

ಶೇವಂತೆವ್ವನಿಗೆ ಎಂಬತ್ತನಾಲ್ಕು. ಕಿವಿ ಮಂದ, ನೆನಪು ಚುರುಕು. ಮಗ ಪಕ್ಕದಲ್ಲಿ ಕೂತು ಕೇಳಿದಾಗ ಆಕೆ ಅಕ್ಕಿ ಆರಿಸುತ್ತಿದ್ದ ಮೊರದಿಂದ ಕೈ ತೆಗೆಯಲಿಲ್ಲ.

"ಗೆರಿ ಮ್ಯಾಲೆ ಒಂದು ಜಾಲಿ ಗಿಡದ ಬೊಡ್ಡಿ ಇತ್ತು," ಎಂದಳು. "ದೊಡ್ಡದು. ಎರಡು ದಿನ ಕಡದ್ರೂ ಬರಲಿಲ್ಲ. ಗೌಂಡಿ ಅಂದಾ, ಒಂದು ಅಡಿ ಆ ಕಡೆ ದಾರ ಹಿಡೀತೇನಿ, ಆ ಪ್ಲಾಟು ಖಾಲಿ ಐತಲ್ಲ ಅಂತ. ನಿಮ್ಮಪ್ಪ ಹೂಂ ಅಂದ."

"ಗೊತ್ತಿದ್ದ ಹೂಂ ಅಂದ್ನೇನು?"

"ಗೊತ್ತಿದ್ದ. ಯಾರರೆ ತಗೊಂಡ್ರ ಅವರಿಗೆ ಹೇಳೂಣು ಅಂದ. ಮುಂದ ಅಮೀನಸಾಬ ತಗೊಂಡ. ನಿಮ್ಮಪ್ಪ ಇವತ್ತ ಹೇಳ್ತೇನಿ, ನಾಳೆ ಹೇಳ್ತೇನಿ ಅಂತಂದ. ಅವರು ಪಾಯ ಹಾಕಿದ್ರು, ಗ್ವಾಡಿ ಎಬ್ಬಿಸಿದ್ರು. ಆಮ್ಯಾಲೆ ಏನಂತ ಹೇಳೂದು?" ಆಕೆ ಒಂದು ಹರಳು ಆರಿಸಿ ಹೊರಗೆ ಒಗೆದಳು. "ಕೆಟ್ಟ ಮನಶ್ಯಾ ಅಲ್ಲ ನಿಮ್ಮಪ್ಪ. ಅಂಜಿದ. ಮೊದಲನೇ ಸಲ ಜಾಗ ಅಂತ ಆಗಿತ್ತು, ಜಗಳಾಗಿ ಕೈ ಬಿಟ್ಟು ಹೋದೀತು ಅಂತ ಅಂಜಿದ."

ಪ್ರತಾಪ ಎದ್ದು ಸಂದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿದ. ಅಪ್ಪನ ಮೇಲೆ ಸಿಟ್ಟು ಬಂತು. ಆ ಸಿಟ್ಟಿಗೆ ನಾಚಿಕೆಯೂ ಬಂತು. ಎರಡು ದಿನ ಹಾಗೇ ಕಳೆದು, ಮೂರನೆಯ ದಿನ, ಅಯಾಜನ ರಜೆಯ ದಿನ, ಬಿಳಿ ಹಾಳೆಯ ಮೇಲೆ ಎರಡೂ ಪ್ಲಾಟಿನ ನಕಾಶೆ ಬರೆದುಕೊಂಡು ಪಕ್ಕದ ಮನೆಯ ಗೇಟು ತೆಗೆದ. ಹಬ್ಬಹುಣ್ಣಿಮೆ ಬಿಟ್ಟರೆ ಅವನು ಆ ಗೇಟು ದಾಟಿದ್ದು ಕಡಿಮೆ.

ತಾಜಬಿ ಕುರ್ಚಿ ಹಾಕಿದಳು. ಅವನು ಕೂಡದೆ ನಿಂತೇ ಹೇಳಿದ. ಕಲ್ಲು ಸಿಕ್ಕದ್ದು, ಅಳತೆ, ತಾಯಿ ಹೇಳಿದ ಮಾತು. ಅಪ್ಪನಿಗೆ ಗೊತ್ತಿತ್ತೆಂಬುದನ್ನೂ ಬಿಡಲಿಲ್ಲ. ಅಯಾಜ ನಕಾಶೆಯನ್ನು ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಒಯ್ದು ಓದಿದ.

ಕಡೆಗೆ ತಾಜಬಿಯೇ ಬಾಯಿ ತೆರೆದಳು. "ನಮ್ಮನಿಯವರು ಯಾವಾಗಲೂ ಅಂತಿದ್ರು. ಪ್ಲಾಟು ಯಾಕೋ ಸಣ್ಣದ ಕಾಣ್ತೈತಿ ಅಂತ. ಮಾರಿದವರನ್ನ ಕೇಳಿದ್ರು. ಅದು ನಿಮ್ಮ ಕಣ್ಣಿನ ತಪ್ಪು ಅಂತ ಹೇಳಿ ಕಳಿಸಿದ್ರು." ಆಕೆ ಪ್ರತಾಪನ ಮುಖ ನೋಡಿದಳು. "ನಿನಗೂ ಕೇಳಿದ್ರಲ್ಲ?"

ಅವನಿಗೆ ಆಗ ನೆನಪಾಯಿತು. ನೌಕರಿಗೆ ಸೇರಿದ ಎರಡನೆಯ ವರ್ಷ. ಸೈಕಲ್ಲು ಹತ್ತುತ್ತಿದ್ದಾಗ ಅಮೀನಸಾಬ ರಸ್ತೆಯಲ್ಲಿ ತಡೆದು, "ಪ್ರತಾಪಾ, ನೀ ಸರ್ವೇದಾಗ ಅದೀ. ನಂದೊಂದು ಪ್ಲಾಟು ಅಳದು ಕೊಡಪಾ," ಎಂದಿದ್ದ. "ಅದಕ್ಕೇನ್ರಿ ಕಾಕಾ, ನೋಡೂಣ್ರಿ," ಎಂದು ಪ್ರತಾಪ ಸೈಕಲ್ಲು ತುಳಿದಿದ್ದ. ಆಮೇಲೆ ಇನ್ನೊಂದು ಸಲವೂ ಕೇಳಿದ್ದಿರಬೇಕು. ಆಗಲೂ ಯಾವುದೋ ಊರಿನ ಬಸ್ಸಿಗೆ ಹೊತ್ತಾಗಿತ್ತು.

ಅವನು ಕುರ್ಚಿಯ ಮೇಲೆ ಕೂತ.

"ನಮ್ಮ ಅಡಗಿಮನಿ ನೋಡೀರೇನು?" ಎಂದ ಅಯಾಜ. ದನಿ ಏರಿಸದೆ ಹಾಳೆಯನ್ನು ಪ್ರತಾಪನ ಮುಂದೆ ಇಟ್ಟ. "ಇಬ್ಬರು ಒಮ್ಮೆ ಒಳಗ ನಿಂದ್ರಾಕ ಆಗೂದಿಲ್ಲ. ನಮ್ಮವ್ವ ಮೂವತ್ತು ವರ್ಷ ಅಲ್ಲಿ ಅಡ್ಡ ತಿರುಗಿ ರೊಟ್ಟಿ ಬಡದಾಳ. ಅಬ್ಬಾ ಸಾಯೂತನಕ, ನನಗ ಅಳತಿ ತಿಳೀಲಿಲ್ಲ, ನಾ ಮೋಸ ಹೋದೆ ಅಂತ ತನ್ನನ್ನ ತಾನ ಬೈಕೊಂಡ್ರು. ಅಳತಿ ಬಲ್ಲ ನೀವು ಗ್ವಾಡಿ ಆ ಕಡೆನ ಇದ್ರಿ, ಸರ."

ಅಲ್ಲಿಯವರೆಗೆ ಅಯಾಜ ಅವನನ್ನು ಪ್ರತಾಪಣ್ಣ ಎನ್ನುತ್ತಿದ್ದ.

"ಖರೇ ಐತಿ," ಎಂದ ಪ್ರತಾಪ. "ಗ್ವಾಡಿ ಕೆಡವಿ ಗೆರಿ ಮ್ಯಾಲೆ ಕಟ್ಟಸ್ತೇನಿ. ಮಳಿ ನಿಂತ ಕೂಡ್ಲೆ."

"ಬರದ ಕೊಡ್ರಿ."

"ಅಯಾಜಾ," ಎಂದು ತಾಜಬಿ ತಡೆಯಲು ನೋಡಿದಳು. ಪ್ರತಾಪ ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದ. ಅದೇ ನಕಾಶೆಯ ಕೆಳಗೆ ಬರೆದು ಸಹಿ ಹಾಕಿದ.

ಗೋಡೆ ಬಿದ್ದದ್ದು ದಸರೆ ಮುಗಿದ ಮೇಲೆ. ಆ ಮೂರು ತಿಂಗಳು ಪ್ರತಾಪನಿಗೆ ಬಹಳ ಉದ್ದವಾದವು. ಮೋಡ ಕಂಡರೆ ಪಾಯಕ್ಕೆ ತಾಡಪತ್ರಿ ಹೊದಿಸುವುದು, ಬಿಸಿಲು ಬಿದ್ದರೆ ಪಾಯ ಒಣಗಿತೇ ಎಂದು ಕಡ್ಡಿ ಚುಚ್ಚಿ ನೋಡುವುದು. ಚನ್ನಯ್ಯನ ಆಳುಗಳು ಹಾರೆ ಹಾಕಿದಾಗ ಅವನು ಮನೆಯೊಳಗೆ ಹೋಗಲಿಲ್ಲ. ಅಪ್ಪ ಕೈ ಸವರಿದ್ದ ಗೋಡೆ ತುಂಡು ತುಂಡಾಗಿ ಟ್ರ್ಯಾಕ್ಟರು ಸೇರುವವರೆಗೂ ಬಿಸಿಲಲ್ಲಿ ನಿಂತ. ಹೊಸ ಗೋಡೆಗೆ ದಾರ ಹಿಡಿಯುವ ದಿನ ಟೇಪಿನ ಒಂದು ತುದಿಯನ್ನು ಅಯಾಜನ ಕೈಗೆ ಕೊಟ್ಟ. ಅಯಾಜ ಹಿಂದಿನ ಕಲ್ಲಿನಿಂದಲೂ ಮುಂದೆ ರಸ್ತೆಯ ಕಡೆಯಿಂದಲೂ ಎರಡೆರಡು ಸಲ ಅಳೆದು, ತಲೆಯಾಡಿಸಿ, ಟೇಪು ಕೆಳಗಿಟ್ಟು ಹೋದ. ಗೋಡೆ ಎದ್ದ ಮೇಲೂ ಅವನು ಮಾತು ಬಿಟ್ಟೇ ಇದ್ದ. ತಾಜಬಿ ಮಾತ್ರ ಎಂದಿನಂತೆ ಶೇವಂತೆವ್ವನ ಮಂಡಿನೋವು ವಿಚಾರಿಸುತ್ತಿದ್ದಳು. ಸಂಕ್ರಮಣಕ್ಕೆ ಮುಂಚೆ ಅವರ ಅಡುಗೆಮನೆ ಒಂದು ಅಡಿ ಅಗಲವಾಯಿತು. ಆ ಕೆಲಸಕ್ಕೂ ಚನ್ನಯ್ಯನೇ ಹೋದ. ಪ್ರತಾಪ ಅದನ್ನು ನೋಡಲು ಹೋಗಲಿಲ್ಲ; ಯಾರೂ ಕರೆದಿರಲಿಲ್ಲ.

ಇನ್ನು ಶೆಡ್ಡು. ಬಿಟ್ಟೇಬಿಡುವುದೆಂದು ಪ್ರತಾಪ ಅಂದುಕೊಂಡಿದ್ದ. ಆದರೆ ಪಾಯ ಬಾಯ್ದೆರೆದು ಹಾಗೇ ಬಿದ್ದಿತ್ತು. ಒಂದು ಬೆಳಿಗ್ಗೆ ಶೇವಂತೆವ್ವ ಪಾವಟಿಗೆಯ ಮೇಲೆ ಕೂತು, ಎದುರಿಗೆ ಹತ್ತಿರ ಬಂದ ಹೊಸ ಗೋಡೆ ನೋಡುತ್ತ, "ಈ ಪಾವಟಿಗಿ ಒಡೀರಿ," ಎಂದಳು.

"ನೀ ಎಲ್ಲಿ ಕೂಡ್ತಿ ಅವ್ವಾ?"

"ಮುಂದಿನ ಕಟ್ಟಿ ಐತಿ. ಇಲ್ಲಿ ಇನ್ನ ಬಿಸಲರೆ ಎಲ್ಲಿ ಬರ್ತೈತಿ, ಗ್ವಾಡಿ ಮಾರಿಗೆ ಬಂದ ಮ್ಯಾಲೆ."

ಚನ್ನಯ್ಯ ಹೊರಗಿನ ಪಾವಟಿಗೆ ಒಡೆದು, ಬಾಗಿಲ ಹೊಸ್ತಿಲನ್ನು ನೆಲಮಟ್ಟಕ್ಕೆ ಇಳಿಸಿ, ಮನೆಯ ಒಳಗಡೆ ಎರಡು ಪಾವಟಿಗೆ ಕಟ್ಟಿದ. ಅಡುಗೆಮನೆಯಲ್ಲಿ ಎರಡು ಅಡಿ ಜಾಗ ಹೋಯಿತು. ಮಾಯಾ ಡಬ್ಬಿಗಳ ಕಪಾಟು ಬೇರೆ ಕಡೆ ಸರಿಸಬೇಕಾಯಿತು. ಸಂದಿ ಉದ್ದಕ್ಕೂ ಆರು ಅಡಿ ಹತ್ತು ಇಂಚು ಸಿಕ್ಕಿತು. ಹಿಂದುಗಡೆ ಹತ್ತು ಅಡಿ ಅಗಲ, ಹದಿನೇಳು ಅಡಿ ಉದ್ದದ ಶೆಡ್ಡು ಎದ್ದಿತು. ಅದರ ಬಲಗಡೆಯ ಗೋಡೆಯನ್ನು ಹದ್ದಿನ ಗೆರೆಯಿಂದ ಒಂದೂವರೆ ಅಡಿ ಒಳಗೇ ಕಟ್ಟಿಸಿದ. ಅಷ್ಟು ಬಿಡಬೇಕಿಲ್ಲ ಎಂದು ಚನ್ನಯ್ಯ ಎರಡು ಸಲ ಹೇಳಿದ.

ಫೆಬ್ರುವರಿಯ ಒಂದು ರವಿವಾರ ಮಾಯಾ ಮೊದಲ ಸಲ ಕಾರನ್ನು ಒಳಗೆ ತಂದಳು. ಪ್ರತಾಪ ಕಾರಿನ ಮುಂದೆ ಹಿಂದುಹಿಂದಾಗಿ ನಡೆಯುತ್ತ ಕೈ ಮಾಡಿದ. "ಬಾ. ಬಾ. ನಿಂದರು. ಎಡಕ್ಕ. ಎಡಕ್ಕ ಅಂದ್ರ ನಿನ್ನ ಎಡಕ್ಕ."

ಮಾಯಾ ಬ್ರೇಕು ಹಾಕಿ ಕಿಟಕಿ ಇಳಿಸಿದಳು. "ನೀವು ಅತ್ತ ಹೋಗ್ರಿ. ನೀವು ನಿಂತ್ರ ನನಗ ಕೈಕಾಲು ಆಡೂದಿಲ್ಲ."

ಅವನು ಶೆಡ್ಡಿನ ಹಿಂದೆ ಹೋಗಿ ನಿಂತ. ಇಂಜಿನ್ನಿನ ಸದ್ದು ಹತ್ತಿರ ಬಂತು, ನಿಂತಿತು, ಮತ್ತೆ ಬಂತು. ಒಂದು ಕಡೆ ಗೋಡೆಗೆ ಏನೋ ಸವರಿದ ಸದ್ದು. ಅವನು ಕಣ್ಣು ಮುಚ್ಚಿದ. ಆಮೇಲೆ ಕಾರಿನ ಬಾಗಿಲು ಹಾಕಿದ ಶಬ್ದ, ಮಾಯಾಳ ಚಪ್ಪಲಿಯ ಶಬ್ದ.

"ಬಂಪರಿಗೆ ಒಂದು ಗೀರು," ಎಂದಳು ಆಕೆ. "ಚಹಾ ಕುಡೀತೀರೇನು?"

ಮರುದಿನ ಬೆಳಿಗ್ಗೆ ಏಳೂವರೆಗೆ ಆಕೆ ಸೀರೆಯುಟ್ಟು, ಚೀಲ ಹಿಡಿದು ಬಂದು, ಕಾರನ್ನು ನಿಧಾನವಾಗಿ ಹಿಂದಕ್ಕೆ ತೆಗೆಯುತ್ತ ಗೇಟಿನವರೆಗೂ ಬಂದಳು. ಗೇಟು ತೆಗೆದ ಪ್ರತಾಪ ಹಾಗೇ ನಿಂತ. ಇಷ್ಟು ದಿನ ತಮ್ಮ ಕಾರು ನಿಲ್ಲುತ್ತಿದ್ದ ಜಾಗ ಖಾಲಿ ಕಂಡು, ಯಾರೋ ಗೇಟಿಗೆ ಅಡ್ಡಲಾಗಿ ದೊಡ್ಡದೊಂದು ಬಿಳಿ ಕಾರು ನಿಲ್ಲಿಸಿ ಹೋಗಿದ್ದರು.

ಅವನು ಎದುರು ಮನೆಯ ಗಂಟೆ ಒತ್ತಿದ. ಅವರದಲ್ಲ. ಅದರ ಪಕ್ಕದ ಮನೆ. ಅವರಿಗೂ ಗೊತ್ತಿಲ್ಲ. ರಸ್ತೆಯ ಆ ತುದಿಯವರೆಗೂ ಓಡುನಡಿಗೆಯಲ್ಲಿ ಹೋಗಿ, ನಾಲ್ಕು ಬಾಗಿಲು ಬಡಿದು, ಬೆವರುತ್ತ ತಿರುಗಿ ಬಂದ. ಮಾಯಾ ಕಾರಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಳು. ಸಾಲೆಯ ಪ್ರಾರ್ಥನೆಗೆ ತಡವಾಗುತ್ತಿತ್ತು.

ಅದೇ ಹೊತ್ತಿಗೆ ಪಕ್ಕದ ಗೇಟು ತೆರೆದು ಅಯಾಜ ಬೈಕು ಹೊರಗೆ ತಳ್ಳಿದ. ಬಿಳಿ ಕಾರು ನೋಡಿದ, ಒಳಗೆ ಸಿಕ್ಕಿಬಿದ್ದ ಕಾರು ನೋಡಿದ, ಏದುಸಿರು ಬಿಡುತ್ತ ನಿಂತ ಪ್ರತಾಪನನ್ನು ನೋಡಿದ. ಕಿಕ್ ಹೊಡೆಯಲು ಎತ್ತಿದ ಕಾಲನ್ನು ಕೆಳಗಿಟ್ಟ.

"ಹಿಂದಿನ ಓಣಿಯ ಬಾಡಿಗಿ ಮನ್ಯಾವ್ರದು, ಸರ," ಎಂದ. "ನಮ್ಮ ಕಾರ್ಖಾನ್ಯಾಗ ಅದಾರ. ನಿಂದರ್ರಿ, ಫೋನು ಹಚ್ಚತೇನಿ."

ಬೈಕಿಗೆ ಸ್ಟ್ಯಾಂಡು ಹಾಕಿ, ಫೋನು ಕಿವಿಗೆ ಹಿಡಿದು ಅವನು ಗೇಟಿಗೆ ಒರಗಿದ. ಆ ಕಡೆ ಗಂಟೆ ಹೋಗುತ್ತಿತ್ತು. ಯಾರೂ ಎತ್ತಲಿಲ್ಲ. ಅಯಾಜ ಇನ್ನೊಮ್ಮೆ ಹಚ್ಚಿದ. ಅವನಿಗೂ ಕೆಲಸಕ್ಕೆ ಹೊತ್ತಾಗುತ್ತಿತ್ತು, ಆದರೂ ಹೋಗಲಿಲ್ಲ.